ಸಂಪಾದಕರ ಉತ್ತರ: ಪ್ರತಿ ಬೇಸಿಗೆಯಲ್ಲೂ ಓಆರ್‌ಎಸ್ ಯಾಕೆ?

ದಾವಣಗೆರೆಯ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಇದು:

“ನಿಮ್ಮ ಪತ್ರಿಕೆಯ ಆರೋಗ್ಯದ ಪುಟ ನೋಡಿದರೆ ಬೇಸರವಾಗುತ್ತದೆ. ಜಗತ್ತಿನಲ್ಲಿ ರೋಬೋಟ್‌ಗಳು ಆಪರೇಷನ್ ಮಾಡುತ್ತಿವೆ. ಕ್ಯಾನ್ಸರ್‌ಗೆ ಜೀನ್ ಚಿಕಿತ್ಸೆ ಬಂದಿದೆ. ನೀವು ಮಾತ್ರ ಪ್ರತಿ ಬೇಸಿಗೆಯಲ್ಲೂ ಅದೇ ಓಆರ್‌ಎಸ್, ಅದೇ ಕೈ ತೊಳೆಯಿರಿ, ಅದೇ ಕುದಿಸಿ ಆರಿಸಿದ ನೀರು. ಹೋದ ತಿಂಗಳು ನನ್ನ ಮೊಮ್ಮಗನಿಗೆ ಭೇದಿ ಶುರುವಾಯಿತು. ಡಾಕ್ಟರು ನೋಡಿ, ಮಗು ಚೆನ್ನಾಗಿ ಕುಡಿಯುತ್ತಿದೆ ಎಂದು ಓಆರ್‌ಎಸ್ ಪ್ಯಾಕೆಟ್ ಬರೆದು ಮನೆಗೆ ಕಳಿಸಲು ಹೊರಟರು. ನಾವೇ ಹಟ ಹಿಡಿದು ಅಡ್ಮಿಟ್ ಮಾಡಿಸಿ ಗ್ಲೂಕೋಸ್ ಹಾಕಿಸಿದೆವು. ಬೆಳಗಾಗುವ ಹೊತ್ತಿಗೆ ಮಗು ಆಡುತ್ತಿತ್ತು. ಬರೀ ನೀರು ಕುಡಿಸಿದ್ದರೆ ಆಗುತ್ತಿತ್ತಾ? ದಯವಿಟ್ಟು ಹೊಸ ವೈದ್ಯಕೀಯದ ಬಗ್ಗೆ ಬರೆಯಿರಿ.”

ಮಾನ್ಯರೇ,

ಮೊಮ್ಮಗ ಹುಷಾರಾಗಿದ್ದಾನೆ ಎಂದು ಓದಿ ಸಂತೋಷವಾಯಿತು. ಮಗುವಿಗೆ ಭೇದಿ ಹಿಡಿದ ರಾತ್ರಿ ಮನೆಯವರ ಗಾಬರಿ ಹೇಗಿರುತ್ತದೆ ಎಂದು ನನಗೂ ಗೊತ್ತು. ಆ ಹೊತ್ತಿನಲ್ಲಿ ನೀವು ಮಾಡಿದ್ದನ್ನು ತಪ್ಪು ಎಂದು ಇಲ್ಲಿ ಕೂತು ಹೇಳುವುದು ಸುಲಭ. ಹಾಗಾಗಿ ಮೊದಲು ನಿಮ್ಮ ಮಾತಿನಲ್ಲಿ ನಿಜ ಇರುವ ಕಡೆ ಒಪ್ಪಿಬಿಡುತ್ತೇನೆ. ಹೊಸ ಚಿಕಿತ್ಸೆಗಳ ಬಗ್ಗೆ ನಾವು ಬರೆಯುವುದು ಕಡಿಮೆ. ಬಾಂಬೆ ಐಐಟಿ ಮತ್ತು ಟಾಟಾ ಮೆಮೋರಿಯಲ್ ಸೆಂಟರ್ ಸೇರಿ ರೂಪಿಸಿದ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗೆ ನಮ್ಮ ದೇಶದಲ್ಲೇ ತಯಾರಾದ ಚಿಕಿತ್ಸೆ ಅದು. ಅದರ ಬಗ್ಗೆ ಲೇಖನ ಬರಬೇಕು, ಬರುತ್ತದೆ.

ಆದರೆ ಓಆರ್‌ಎಸ್, ಅಂದರೆ ಭೇದಿ ಆದವರಿಗೆ ನೀರಲ್ಲಿ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ, ಏನೋ ಹಳೇ ಮನೆಮದ್ದು ಅನ್ನುವ ಹಾಗೆ ಬರೆದಿದ್ದೀರಲ್ಲ, ಅದನ್ನು ಸುಮ್ನೆ ಬಿಡೋಕೆ ಆಗಲ್ಲ. 1978ರಲ್ಲಿ ‘ಲ್ಯಾನ್ಸೆಟ್’ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆ ಈ ಬಗ್ಗೆ ಸಂಪಾದಕೀಯ ಬರೆಯಿತು. ಸಕ್ಕರೆ ಇದ್ದರೆ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆ ಎಂಬ ತಿಳಿವು ಈ ಶತಮಾನದ ಅತಿ ಮುಖ್ಯ ವೈದ್ಯಕೀಯ ಸಾಧನೆ ಆಗಿರಬಹುದು ಎಂದು ಅದು ಹೇಳಿತು. ಪೆನಿಸಿಲಿನ್ ಕಂಡ ಶತಮಾನ ಅದು. ತೆರೆದ ಹೃದಯದ ಶಸ್ತ್ರಚಿಕಿತ್ಸೆ ಕಂಡ ಶತಮಾನ.

ಇದು ಗೊತ್ತಾದದ್ದು ತೀರಾ ಇತ್ತೀಚೆಗೆ. ಭೇದಿ ಆದವರಿಗೆ ನೀರು ಕೊಡಬಾರದು, ಕೊಟ್ಟಷ್ಟೂ ಭೇದಿ ಜಾಸ್ತಿ ಆಗುತ್ತದೆ ಎಂದು ಹಳ್ಳಿ ಮನೆಗಳಲ್ಲಿ ಈಗಲೂ ಹೇಳುತ್ತಾರೆ. ಒಂದು ಕಾಲಕ್ಕೆ ದೊಡ್ಡ ದೊಡ್ಡ ಡಾಕ್ಟರುಗಳೂ ಹೊಟ್ಟೆಗೆ ವಿಶ್ರಾಂತಿ ಕೊಡಿ ಎಂದೇ ಹೇಳುತ್ತಿದ್ದರು. ಕಾಲರಾ ರೋಗಾಣು ಒಂದು ವಿಷ ಬಿಡುತ್ತದೆ, ಆ ವಿಷದಿಂದಲೇ ಕರುಳು ನೀರು ಸುರಿಸುತ್ತದೆ ಎಂದು ತೋರಿಸಿದವರು ಕೋಲ್ಕತ್ತದ ಶಂಭುನಾಥ್ ಡೇ. ಅದು 1959ರಲ್ಲಿ. ಬದುಕಿದ್ದಾಗ ಅವರಿಗೆ ನಮ್ಮ ದೇಶದಲ್ಲಿ ಸಿಗಬೇಕಾದ ಮನ್ನಣೆ ಸಿಗಲಿಲ್ಲ. ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆ 1990ರಲ್ಲಿ ಅವರ ಕುರಿತು ವಿಶೇಷ ಸಂಚಿಕೆ ತಂದಿತು. ಅವರು ತೀರಿಕೊಂಡದ್ದು 1985ರಲ್ಲಿ.

1960ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಕ್ರೇನ್ ಪ್ರಾಗ್‌ನ ಒಂದು ಸಭೆಯಲ್ಲಿ ಇನ್ನೊಂದು ವಿಷಯ ಮುಂದಿಟ್ಟರು. ಕರುಳಿನ ಒಳಗೋಡೆಯಲ್ಲಿ ಸಕ್ಕರೆಯೂ ಉಪ್ಪಿನ ಸೋಡಿಯಂ ಕೂಡ ಜೋಡಿಯಾಗಿಯೇ ಒಳಗೆ ಹೋಗುವ ಒಂದು ದಾರಿ ಇದೆ. ಅವೆರಡು ಹೋದರೆ ನೀರು ಅವುಗಳ ಹಿಂದೆ ಹೋಗುತ್ತದೆ. ಕಾಲರಾ ಎಷ್ಟೇ ಜೋರಾಗಿದ್ದರೂ ಈ ದಾರಿ ಮುಚ್ಚುವುದಿಲ್ಲ. ಬರೀ ನೀರು ಕುಡಿಸಿದರೆ ಅದು ಹಾಗೇ ಹೊರಗೆ ಹೋಗುತ್ತದೆ. ಉಪ್ಪು, ಸಕ್ಕರೆ ಸರಿಯಾದ ಅಳತೆಯಲ್ಲಿ ಇದ್ದರೆ ನೀರು ಮೈಗೆ ಹತ್ತುತ್ತದೆ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ಕಾಲರಾ ರೋಗಿಗಳ ಮೇಲೆ ಪ್ರಯೋಗಿಸಿ ತೋರಿಸಿದರು. ಇದು ಆಸ್ಪತ್ರೆಯ ಹೊರಗೆ ನಡೆಯೋ ಮಾತಲ್ಲ ಎಂದು ಬಹಳ ಜನ ಡಾಕ್ಟರುಗಳು ಆಗಲೂ ನಂಬಿದ್ದರು.

ಆ ನಂಬಿಕೆ ಮುರಿದದ್ದು 1971ರಲ್ಲಿ. ಬಾಂಗ್ಲಾ ಯುದ್ಧದ ಸಮಯ. ಗಡಿ ದಾಟಿ ಬಂದ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳದ ಬನ್‌ಗಾಂವ್ ಸುತ್ತಮುತ್ತ ಇದ್ದರು. ಮಳೆ, ಕೆಸರು, ಕಾಲರಾ. ಮಕ್ಕಳ ಡಾಕ್ಟರ್ ದಿಲೀಪ್ ಮಹಾಲನೋಬಿಸ್ ಅಲ್ಲಿನ ಆಸ್ಪತ್ರೆಗೆ ಹೋದಾಗ ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು. ಸೂಜಿ ಚುಚ್ಚಿ ಸಲೈನ್ ಏರಿಸಬೇಕಾದರೆ ಅವರ ವಾಂತಿಭೇದಿಯ ಮೇಲೇ ಮಂಡಿಯೂರಿ ಕೂರಬೇಕಿತ್ತು. ಎರಡೇ ದಿನದಲ್ಲಿ ಅವರಿಗೆ ಗೊತ್ತಾಯಿತು, ಸಲೈನ್ ಸಾಲುವುದಿಲ್ಲ, ಅದನ್ನು ಹಾಕಬಲ್ಲ ಕೈಗಳೂ ಸಾಲುವುದಿಲ್ಲ ಎಂದು. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಕೋಲ್ಕತ್ತದಲ್ಲಿ ತೂಗಿ, ಪ್ಯಾಕೆಟ್ ಕಟ್ಟಿ, ಬನ್‌ಗಾಂವ್‌ಗೆ ತಂದು, ನಲ್ಲಿ ಇರುವ ಡ್ರಮ್‌ಗಳಲ್ಲಿ ಕಲಸಿ ಇಟ್ಟರು. ಲೋಟದಲ್ಲಿ ಹಿಡಿದು ಕುಡಿಸಿದವರು ರೋಗಿಗಳ ತಾಯಿ, ಅಣ್ಣ, ಅಕ್ಕ. ಶಿಬಿರಗಳಲ್ಲಿ ಕಾಲರಾ ಬಂದ ನೂರರಲ್ಲಿ ಸುಮಾರು 30 ಜನ ಸಾಯುತ್ತಿದ್ದರು. ಈ ನೀರು ಕುಡಿದವರಲ್ಲಿ ಸತ್ತವರು ನೂರಕ್ಕೆ 4ಕ್ಕಿಂತ ಕಡಿಮೆ.

ಒಂದು ಲೋಟ, ಒಂದು ಡ್ರಮ್, ಪಕ್ಕದಲ್ಲಿ ಕೂತ ಅಮ್ಮ. ರೋಬೋಟ್ ಬಗ್ಗೆ ಬರೆಯಿರಿ ಎಂದು ನೀವು ಕೇಳುವಾಗ ನನ್ನ ಕಣ್ಣ ಮುಂದೆ ಈ ಚಿತ್ರ ಬರುತ್ತದೆ. ಮಹಾಲನೋಬಿಸ್ 2022ರಲ್ಲಿ ತೀರಿಕೊಂಡರು. 2023ರಲ್ಲಿ ಪದ್ಮವಿಭೂಷಣ ಕೊಟ್ಟರು, ಮರಣಾನಂತರ. ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು ಹೇಳಿ.

ಇನ್ನು ನಿಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಬರೀ ನೀರು ಕುಡಿಸಿದ್ದರೆ ಆಗುತ್ತಿತ್ತಾ ಎಂದು ಕೇಳಿದ್ದೀರಿ. ಡಾಕ್ಟರು ಮಗುವನ್ನು ನೋಡಿದ್ದರು. ಮಗು ಬಾಯಲ್ಲಿ ಕುಡಿಯುತ್ತಿತ್ತು. ಹಾಗಿದ್ದ ಮೇಲೆ ಪ್ಯಾಕೆಟ್ ಸಾಕಾಗಿತ್ತು ಎಂದೇ ನನಗನ್ನಿಸುತ್ತದೆ. ನಿಮ್ಮ ಡಾಕ್ಟರು ಒಳ್ಳೆಯವರು. ಅವರನ್ನು ಬಿಡಬೇಡಿ. ಆದರೆ ಹಟ ಹಿಡಿದಿರಿ ಎಂದು ಬರೆದಿದ್ದೀರಲ್ಲ, ಆ ಹಟದ ಬಗ್ಗೆಯೇ ನಮ್ಮ ರಾಜ್ಯದಲ್ಲಿ ಒಂದು ದೊಡ್ಡ ಅಧ್ಯಯನ ನಡೆದಿದೆ. 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಕೆಲವರು ಕರ್ನಾಟಕ ಮತ್ತು ಬಿಹಾರದ ಊರುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಡಾಕ್ಟರು, ಮೆಡಿಕಲ್ ಶಾಪ್‌ನವರ ಹತ್ತಿರ ಹೋದರು. ಮನೆಯಲ್ಲಿ ಮಗುವಿಗೆ ಭೇದಿ ಆಗಿದೆ ಎಂದರು. ಓಆರ್‌ಎಸ್ ಒಳ್ಳೆಯದು ಎಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತು. ಆದರೂ ತಾವಾಗಿ ಕೊಟ್ಟವರು ನೂರಕ್ಕೆ 28 ಜನ ಮಾತ್ರ.

ಯಾಕೆ? ಸ್ಟಾಕ್ ಇಲ್ಲದ್ದಕ್ಕಾ? ಬೇರೆ ಔಷಧದಲ್ಲಿ ಲಾಭ ಜಾಸ್ತಿ ಅಂತಲಾ? ಈ ಎರಡೂ ಕಾರಣಗಳ ಪಾಲು ಸಣ್ಣದು ಎಂದು ತಿಳಿಯಿತು. ಎಲ್ಲಕ್ಕಿಂತ ದೊಡ್ಡ ಪಾಲು, ಅಂದರೆ ನೂರಕ್ಕೆ 42ರಷ್ಟು, “ಜನಕ್ಕೆ ಇದು ಬೇಡ” ಎನ್ನುವ ಅವರ ಅನಿಸಿಕೆಯದ್ದು. ಓಆರ್‌ಎಸ್ ಕೊಟ್ಟರೆ ಇದೇನು ಡಾಕ್ಟರು, ಉಪ್ಪುನೀರು ಕೊಟ್ಟು ಕಳಿಸಿದರು ಅಂತಾರೆ, ನಾಳೆಯಿಂದ ಬೇರೆ ಕಡೆ ಹೋಗ್ತಾರೆ ಎಂಬ ಅಳುಕು. ಹೋದವರೇ ಬಾಯಿಬಿಟ್ಟು “ನಮಗೆ ಓಆರ್‌ಎಸ್ ಬೇಕು” ಎನ್ನುವ ಸೂಚನೆ ಕೊಟ್ಟಾಗ 28 ಇದ್ದದ್ದು 55ಕ್ಕೆ ಏರಿತು. ಬರೀ ಒಂದು ಮಾತಿಗೆ! ಹೊಸ ಯಂತ್ರ ಬರಲಿಲ್ಲ, ಒಂದು ರೂಪಾಯಿ ಖರ್ಚಾಗಲಿಲ್ಲ.

ಪ್ರತಿ ಬೇಸಿಗೆಯಲ್ಲೂ ಓಆರ್‌ಎಸ್ ಬಗ್ಗೆ ಯಾಕೆ ಬರೀತೀರಿ ಎಂದಿರಲ್ಲ, ಇದಕ್ಕೇ. ಡಾಕ್ಟರಿಗೆ ಗೊತ್ತಿದ್ದರೆ ಸಾಲದು, ಕೇಳುವ ಬಾಯಿ ಬೇಕು. ಬಾಂಗ್ಲಾದೇಶದಲ್ಲಿ ಬ್ರಾಕ್ ಎಂಬ ಸೇವಾ ಸಂಸ್ಥೆಯವರು 1980ರ ದಶಕದಲ್ಲಿ ಇದನ್ನೇ ಮಾಡಿದರು. ಅವರ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ, ಅಂಗಳದಲ್ಲಿ ಕೂತು, ಮೂರು ಬೆರಳಲ್ಲಿ ಹಿಡಿದಷ್ಟು ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ಕಲಿಸಿದರು. ಹತ್ತು ವರ್ಷದಲ್ಲಿ ಒಂದು ಕೋಟಿಗೂ ಹೆಚ್ಚು ತಾಯಂದಿರಿಗೆ. ಅದರಲ್ಲಿ ನನಗೆ ತುಂಬ ಇಷ್ಟವಾದ ಅಂಶ ಒಂದಿದೆ. ಸ್ವಲ್ಪ ದಿನ ಬಿಟ್ಟು ಬೇರೆಯವರು ಹೋಗಿ ಆ ತಾಯಂದಿರನ್ನು ಪರೀಕ್ಷಿಸುತ್ತಿದ್ದರು. ಅವರಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಲಿಸಿದವರಿಗೆ ಸಂಬಳ.

ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಈ ಕೆಲಸ ಮಾಡುತ್ತಾರೆ. ಒಬ್ಬರು ಕಲಿಸುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಲೀಟರ್ ಬಾಟಲಿಗೆ ಕುದಿಸಿ ಆರಿಸಿದ ನೀರು ತುಂಬಿಸಿದರು. ಪ್ಯಾಕೆಟ್ಟಿನ ಮೂಲೆ ಹರಿದು, ಬುಡ ತಟ್ಟಿ, ಒಂದು ಚೂರೂ ಉಳಿಯದ ಹಾಗೆ ಸುರಿದರು. ಚೆನ್ನಾಗಿ ಕುಲುಕಿ ಮುಚ್ಚಳದಲ್ಲಿ ಸ್ವಲ್ಪ ಹಾಕಿ ತಾಯಿಗೆ ಕೊಟ್ಟರು. “ಕಣ್ಣೀರು ಬಾಯಿಗೆ ಬಂದಾಗ ಹೇಗಿರುತ್ತೆ? ಅದಕ್ಕಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಮಾಡು ತಾಯಿ” ಎಂದರು. ಆ ಹುಡುಗಿ ಅಲ್ಲಿಯವರೆಗೆ ಲೀಟರಿನ ಪ್ಯಾಕೆಟ್ಟಿನ ಅರ್ಧವನ್ನು ಒಂದು ಲೋಟಕ್ಕೆ ಹಾಕಿ ಕುಡಿಸುತ್ತಿದ್ದಳಂತೆ. ಅಷ್ಟು ಗಟ್ಟಿಯಾದರೆ ಮಗುವಿಗೆ ಅಪಾಯ. ಇದು ಸಣ್ಣ ವಿಷಯ ಅಂತ ನಿಮಗೆ ಈಗಲೂ ಅನ್ನಿಸುತ್ತಾ?

ಪ್ಯಾಕೆಟ್ ಬದಲು ಬೇರೆ ಏನನ್ನೋ ಕೊಡುವ ಅಂಗಡಿಗಳೂ ಇವೆ. ಎರಡು ಬೇಸಿಗೆಯ ಹಿಂದೆ ಒಂದು ಮೆಡಿಕಲ್ ಶಾಪ್‌ನಲ್ಲಿ ನಾನು ನಿಂತಿದ್ದೆ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡ ಹೆಂಗಸೊಬ್ಬರು ಓಆರ್‌ಎಸ್ ಕೇಳಿದರು. ಹುಡುಗ ಫ್ರಿಜ್ಜಿನಿಂದ ಸೇಬಿನ ಚಿತ್ರದ ಜ್ಯೂಸ್ ಡಬ್ಬಿ ತೆಗೆದು ಕೊಟ್ಟ. ಮೇಲೆ ದಪ್ಪ ಅಕ್ಷರದಲ್ಲಿ ಓಆರ್‌ಎಸ್ ಇತ್ತು. ನಾನು ತಡೆದು ಪುಡಿಯ ಪ್ಯಾಕೆಟ್ ಕೊಡಿಸಿದೆ. ಆ ಪ್ಯಾಕೆಟ್ ಕೆಳಗಿನ ಡ್ರಾಯರ್‌ನಲ್ಲಿ ಎಲ್ಲೋ ಹಿಂದೆ ಬಿದ್ದಿತ್ತು. ಸರಿಯಾದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಇಂಥ ಜ್ಯೂಸ್‌ಗಳಲ್ಲಿ ಸಕ್ಕರೆ ಅದರ ಹಲವು ಪಟ್ಟು. ಸಕ್ಕರೆ ಜಾಸ್ತಿ ಆದರೆ ಅದೇ ನೀರನ್ನು ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಹೆಸರಲ್ಲಿ ಓಆರ್‌ಎಸ್ ಎಂದು ಹಾಕಬಾರದು ಎಂದು ಆದೇಶಿಸಿತು. ಈ ಸುದ್ದಿಗೆ ಎಷ್ಟು ಪತ್ರಿಕೆಗಳು ಮುಖಪುಟ ಕೊಟ್ಟವು? ಆಸ್ಪತ್ರೆಗೆ ಹೊಸ ಯಂತ್ರ ಬಂದರೆ ರಿಬ್ಬನ್ ಕತ್ತರಿಸುವ ಫೋಟೋ ಮೊದಲ ಪುಟದಲ್ಲೇ ಬರುತ್ತದೆ.

ಪತ್ರ ಓದುತ್ತಿರುವ ಬೇರೆ ಮನೆಗಳಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಪ್ಯಾಕೆಟ್ಟಿನ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟೇ ಹಾಕಿ, 200 ಎಂಎಲ್‌ನ ಚಿಕ್ಕ ಪ್ಯಾಕೆಟ್ಟೂ ಸಿಗುತ್ತದೆ. ಪ್ಯಾಕೆಟ್ ಸಿಗದಿದ್ದರೆ ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಎರಡು ವರ್ಷದ ಒಳಗಿನ ಮಗುವಿಗೆ ಪ್ರತಿ ಸಲ ಭೇದಿ ಆದಮೇಲೆ 50ರಿಂದ 100 ಎಂಎಲ್, ದೊಡ್ಡ ಮಕ್ಕಳಿಗೆ ಅದರ ಎರಡರಷ್ಟು. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನಕ್ಕೆ ಕೊಡಿ. ಎದೆಹಾಲು, ಊಟ ನಿಲ್ಲಿಸಬೇಡಿ. ಕಲಸಿಟ್ಟಿದ್ದನ್ನು 24 ಗಂಟೆ ಆದಮೇಲೆ ಚೆಲ್ಲಿ. ಜಿಂಕ್ ಮಾತ್ರೆ ಕೊಟ್ಟಿದ್ದರೆ ಭೇದಿ ನಿಂತಿತು ಎಂದು ನಡುವೆ ಬಿಡದೆ ಡಾಕ್ಟರು ಹೇಳಿದಷ್ಟು ದಿನ ಕೊಡಿ. ಮಗು ಕುಡಿಯದೇ ಮಂಕಾಗಿ ಮಲಗಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಉಚ್ಚೆ ಹೋಗುವುದು ನಿಂತಿದ್ದರೆ, ಭೇದಿಯಲ್ಲಿ ರಕ್ತ ಇದ್ದರೆ, ಏನು ಕೊಟ್ಟರೂ ವಾಂತಿ ಆಗುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಆಗ ಡ್ರಿಪ್ ಬೇಕು, ಅದು ಜೀವ ಉಳಿಸುತ್ತದೆ.

ಕುದಿಸಿ ಆರಿಸಿದ ನೀರಿನ ಬಗ್ಗೆಯೂ ಬೇಸರ ಪಟ್ಟಿದ್ದೀರಿ. ನಿಮ್ಮ ಪಕ್ಕದ ಜಿಲ್ಲೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟ್‌ನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಬೆಂಗಳೂರಿನಿಂದ ಕೆಲವೇ ಗಂಟೆಗಳ ದಾರಿ ಅದು. ಜೀನ್ ತಿದ್ದುವ ಕಾಲದಲ್ಲಿ ನಲ್ಲಿ ನೀರು ಕುಡಿದು ಸಾಯುವುದು ಅಂದ್ರೆ ಏನು ಅರ್ಥ? ಪೈಪು ಚರಂಡಿಯ ಪಕ್ಕದಲ್ಲೇ ಹೋಗುತ್ತದೆ. ಎಲ್ಲೋ ಒಡೆದರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ನೀರುಗಂಟಿಗೆ ಸರಿಯಾಗಿ ಸಂಬಳ ಆಗಿರುವುದಿಲ್ಲ, ಕ್ಲೋರಿನ್ ಪುಡಿ ಬಂದಿರುವುದಿಲ್ಲ. ಟ್ಯಾಂಕಿನ ಮೇಲೆ ತೊಳೆದ ತಾರೀಖು ಬರೆದಿರುತ್ತಾರೆ, ಎಷ್ಟೋ ಊರಲ್ಲಿ ಆ ತಾರೀಖು ಮಾಸಿ ಹೋಗಿರುತ್ತದೆ. ಇದನ್ನು ಆರೋಗ್ಯದ ಸುದ್ದಿ ಎಂದು ಯಾರೂ ಎಣಿಸುವುದಿಲ್ಲ. ಜಗತ್ತಿನಲ್ಲಿ ಈಗಲೂ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಪುಟ್ಟ ಮಕ್ಕಳು ಭೇದಿಯಿಂದ ಸಾಯುತ್ತಾರೆ. ಅದಕ್ಕೆ ಬೇಕಾದ ಔಷಧ ಕಂಡುಹಿಡಿದು ಐವತ್ತು ವರ್ಷದ ಮೇಲಾಯಿತು.

ನೀವು ವಿವರವಾಗಿ ಬರೆಯಬಲ್ಲವರು, ನಿಮ್ಮ ಪತ್ರವೇ ಹೇಳುತ್ತದೆ. ಅದಕ್ಕೇ ನಿಮ್ಮಲ್ಲಿ ಒಂದು ಕೆಲಸ ಕೇಳುತ್ತೇನೆ. ನಿಮ್ಮ ಬಡಾವಣೆಗೆ ನೀರು ಬಿಡುವ ಟ್ಯಾಂಕಿನ ಹತ್ತಿರ ಒಂದು ಸಲ ಹೋಗಿ ಬನ್ನಿ. ಕಡೆಯ ಸಲ ಯಾವಾಗ ತೊಳೆದರು, ಕ್ಲೋರಿನ್ ಯಾರು ಹಾಕುತ್ತಾರೆ, ನೀರಿನ ಪರೀಕ್ಷೆ ಯಾವಾಗ ಆಯಿತು ಎಂದು ವಾಲ್ವ್ ತಿರುಗಿಸುವವರನ್ನೂ ಪಾಲಿಕೆಯವರನ್ನೂ ಕೇಳಿ ಬರೆದು ಕಳಿಸಿ. ಆರೋಗ್ಯದ ಪುಟದಲ್ಲೇ ಹಾಕುತ್ತೇವೆ.

— ಸಂಪಾದಕ