19ನೇ ಶತಮಾನದ ಚಿಕ್ಕ ಅಲಂಕಾರಿಕ ವಸ್ತುಗಳನ್ನು ಸಂಗ್ರಹಿಸುವ ಆಸೆ. ಎಲ್ಲಿಂದ ಶುರು ಮಾಡಲಿ, ಅಸಲಿ ಅಂತ ಗುರುತಿಸುವುದು ಹೇಗೆ?

ಮೊದಲು ಒಂದೇ ಬಗೆಯ ವಸ್ತು ಹಿಡಿದುಕೊಳ್ಳಿ. ಕಂಡಿದ್ದೆಲ್ಲ ಸುಮ್ನೆ ಕೊಳ್ಳುತ್ತಾ ಹೋದರೆ ಕಣ್ಣು ಪಳಗುವುದಿಲ್ಲ.

ನನಗೆ ಜಾಸ್ತಿ ಇಷ್ಟ ಇಂಗ್ಲೆಂಡಿನ ಬೆಳ್ಳಿ ವಿನೆಗ್ರೆಟ್‌ಗಳು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಡಬ್ಬಿ. ಮುಚ್ಚಳ ತೆಗೆದರೆ ಬಳ್ಳಿ, ಹೂವು ಕೊರೆದ ಪುಟ್ಟ ಜಾಲರಿ. ಅದರ ಕೆಳಗೆ ಪರಿಮಳದ ವಿನೆಗರ್‌ನಲ್ಲಿ ನೆನೆಸಿದ ಸ್ಪಂಜಿನ ಚೂರು ಇಡುತ್ತಿದ್ದರು, ಕೆಟ್ಟ ವಾಸನೆ ಬಂದಾಗ ಮೂಗಿಗೆ ಹಿಡಿಯಲು. ವಿನೆಗರ್ ಬೆಳ್ಳಿಯನ್ನು ತಿನ್ನುತ್ತದೆ ಅಲ್ವಾ, ಅದಕ್ಕೇ ಒಳಗೆಲ್ಲ ಚಿನ್ನದ ಲೇಪ. ಎಷ್ಟು ಸಲ ನೋಡಿದರೂ ಆ ಜಾಲರಿಯ ಕೆಲಸ ನನಗೆ ಸಾಕೆನಿಸಿಲ್ಲ.

ಗುರುತಿಸಲು ಒಂದು ಭೂತಗನ್ನಡಿ ಬೇಕೇ ಬೇಕು. ನಡೆಯುತ್ತಿರುವ ಸಿಂಹದ ಮುದ್ರೆ ಇದ್ದರೆ 92.5% ಬೆಳ್ಳಿ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆಯಾದದ್ದು. ರಾಜ ಅಥವಾ ರಾಣಿಯ ತಲೆ ತೆರಿಗೆ ಕಟ್ಟಿದ್ದರ ಗುರುತು, ಅದು 1890ಕ್ಕೆ ನಿಂತಿತು. ಜೊತೆಗಿರುವ ಒಂಟಿ ಅಕ್ಷರ ವರ್ಷ ಹೇಳುತ್ತದೆ. 'ಇಪಿಎನ್‌ಎಸ್' ಅಂತಿದ್ದರೆ ಅದು ಬರೀ ಬೆಳ್ಳಿ ಲೇಪ.

ಇಂಗ್ಲೆಂಡಿನ ಪಿಂಗಾಣಿಯಲ್ಲಿ ವಜ್ರಾಕಾರದ ಗುರುತು ಹುಡುಕಿ. ಅದು 1842ರಿಂದ 1883ರವರೆಗೆ ಬಳಕೆಯಲ್ಲಿತ್ತು. ಆದರೆ ಅದು ಹೇಳುವುದು ವಿನ್ಯಾಸ ನೋಂದಾಯಿಸಿದ ದಿನ, ವಸ್ತು ತಯಾರಾದ ದಿನವಲ್ಲ. ತಳದಲ್ಲಿ 'ಇಂಗ್ಲೆಂಡ್' ಎಂದು ಬರೆದಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು.

ಇನ್ನೊಂದು ಮಾತು: ತಂದ ಕೂಡಲೇ ತಿಕ್ಕಿ ಹೊಳಪು ಕೊಡಬೇಡಿ, ದಯವಿಟ್ಟು. ಪ್ರತಿ ಸಲ ತಿಕ್ಕಿದಾಗಲೂ ಕೆತ್ತನೆ ಸ್ವಲ್ಪ ಸವೆಯುತ್ತದೆ. ಒಮ್ಮೆ ಸವೆದ ಮುದ್ರೆ ವಾಪಸ್ ಬರುವುದಿಲ್ಲ.