ಅಪ್ಪ ಊರಿಗೆಲ್ಲ ಹೇಳಿಬಿಟ್ಟಿದ್ದಾರೆ, ನನಗೆ ಒಂದು ವರ್ಷ ತಡೆಯಬೇಕೆನಿಸಿದೆ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಈ ವರ್ಷ 8.1 ಸಿಜಿಪಿಎಯೊಂದಿಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ್ದೇನೆ. ಏಜೆನ್ಸಿಯೊಂದರ ಮೂಲಕ ಜರ್ಮನಿಯ ಖಾಸಗಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಎಂ.ಎಸ್. ಸೀಟು ಸಿಕ್ಕಿದೆ. ಶುಲ್ಕ 14 ಲಕ್ಷ ರೂಪಾಯಿ. ಮುಂಗಡವನ್ನು ತಿಂಗಳ ಕೊನೆಯೊಳಗೆ ಕಟ್ಟಬೇಕು. ಅಕ್ಕನ ಮದುವೆಗೆಂದು ಇಟ್ಟಿದ್ದ ಶಿವಮೊಗ್ಗದ ನಿವೇಶನವನ್ನು ಅಡವಿಟ್ಟು ಬ್ಯಾಂಕಿನಿಂದ 20 ಲಕ್ಷ ಸಾಲ ಪಡೆದು, ಉಳಿದದ್ದನ್ನು ಅಡಿಕೆ ಮಂಡಿಯಿಂದ ತರುವುದೆಂದು ಅಪ್ಪ ತೀರ್ಮಾನಿಸಿದ್ದಾರೆ. ಒಂದು ವರ್ಷ ತಡೆದು ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಪ್ರಯತ್ನಿಸಬೇಕೆಂದು ನನಗನ್ನಿಸುತ್ತಿದೆ. ಆದರೆ ಅಪ್ಪ ಊರಿಗೆಲ್ಲ ಸುದ್ದಿ ಹೇಳಿಬಿಟ್ಟಿದ್ದಾರೆ. ನಾನು ಹೆದರಿ ಹಿಂಜರಿಯುತ್ತಿದ್ದೇನೆಯೇ?

ಉತ್ತರ: ನೀವು ಹೆದರಿರಬಹುದು, ಆದರೆ ನಿಮ್ಮ ಭಯಕ್ಕೆ ಕಾರಣವಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ವರ್ಷ ತಡೆಯಿರಿ. ಅದನ್ನು ತಂದೆಯವರಿಗೆ ತಿಳಿಸುವಾಗ ನಿಮ್ಮ ಮನಸ್ಸಿನ ಅಳುಕಿನಿಂದ ಆರಂಭಿಸದೆ ಲೆಕ್ಕದಿಂದ ಆರಂಭಿಸಿ. ಎಲೆಚುಕ್ಕಿ ರೋಗದ ನಡುವೆಯೂ ತೋಟ ನಡೆಸಿಕೊಂಡು ಬಂದವರಿಗೆ ಲೆಕ್ಕದ ಮಾತು ಬೇಗ ತಲುಪುತ್ತದೆ.

ಈ 14 ಲಕ್ಷ ಬರಿಯ ಶುಲ್ಕ. ವೀಸಾ ದೊರೆಯಬೇಕಾದರೆ ಮೊದಲ ವರ್ಷದ ಜೀವನ ವೆಚ್ಚಕ್ಕೆ 11,904 ಯೂರೋಗಳನ್ನು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ಒಮ್ಮೆಗೇ ತೆಗೆಯಲಾಗದ ಖಾತೆಯಲ್ಲಿ, ಇಟ್ಟು ತೋರಿಸಬೇಕಾಗುತ್ತದೆ. ಅಲ್ಲಿಗೆ ಹೋದ ಮೇಲೆ ಅದು ತಿಂಗಳಿಗೆ 992 ಯೂರೋಗಳಂತೆ ನಿಮ್ಮ ಕೈಗೆ ಬರುತ್ತದೆ. ಯೂರೋವನ್ನು 100 ರೂಪಾಯಿ ಎಂದಿಟ್ಟುಕೊಂಡರೂ ಇದು ಸುಮಾರು 12 ಲಕ್ಷ, ಅಂದರೆ ಒಟ್ಟು 26 ಲಕ್ಷ. ಬ್ಯಾಂಕಿನ 20 ಲಕ್ಷಕ್ಕೆ ಶೇ 11ರ ಬಡ್ಡಿ ಎಂದುಕೊಂಡರೆ ವರ್ಷಕ್ಕೆ 2.2 ಲಕ್ಷ ರೂಪಾಯಿ ಬೆಳೆಯುತ್ತದೆ. ಓದುವ ಎರಡು ವರ್ಷ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲವೆಂಬುದು ನಿಜವಾದರೂ ಬಡ್ಡಿ ಆಗಲೂ ನಿಲ್ಲುವುದಿಲ್ಲವಾದ್ದರಿಂದ, ಪೂರ್ತಿ ಹಣವನ್ನು ಆರಂಭದಲ್ಲೇ ಪಡೆದರೆ ಮೂರು ವರ್ಷದ ಕೊನೆಗೆ ಸಾಲ 26.6 ಲಕ್ಷವಾಗಿ, ಹತ್ತು ವರ್ಷಗಳ ಅವಧಿಗೆ ತಿಂಗಳ ಕಂತು 36 ಸಾವಿರವನ್ನು ಮೀರುತ್ತದೆ. ಮಂಡಿಯಿಂದ ಮುಂಗಡವಾಗಿ ತರುವ ಹಣ ಇದರಲ್ಲಿ ಸೇರಿಲ್ಲ. ಆ ಮುಂಗಡವನ್ನು ತೀರಿಸಬೇಕಾದದ್ದು ಮುಂದಿನ ಕೊಯ್ಲಿನಿಂದ, ಮತ್ತು ಕೊಯ್ಲು ಈಗ ಹೇಗಿರುತ್ತದೆಂಬುದು ನಿಮ್ಮ ಮನೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಇನ್ನು ನಿಮ್ಮ ಮನಸ್ಸಿನಲ್ಲಿರುವ ದಾರಿ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಸೆಮಿಸ್ಟರಿಗೆ ಸಾಮಾನ್ಯವಾಗಿ 100ರಿಂದ 350 ಯೂರೋಗಳಷ್ಟು ವಂತಿಗೆ ಇರುತ್ತದೆ. ಅಪವಾದಗಳೂ ಇವೆ: ಬಾಡೆನ್-ವುರ್ಟೆಂಬರ್ಗ್ ರಾಜ್ಯವು 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ವಿಧಿಸುತ್ತಿದೆ. ಬ್ಲಾಕ್ಡ್ ಅಕೌಂಟ್ ಇಲ್ಲಿಯೂ ತಪ್ಪದು. ಹಾಗಿದ್ದರೂ ಸಾಲ ಅರ್ಧದಷ್ಟಕ್ಕೆ ಇಳಿಯುತ್ತದೆ, ಮಂಡಿಯ ಬಾಗಿಲಿಗೆ ಹೋಗುವ ಪ್ರಸಂಗವೂ ಬರಲಾರದು.

ನಿಮ್ಮ ಅಂಕಗಳು ಸಾಕಾಗುತ್ತವೆಯೇ ಎಂಬ ಸಂಶಯ ಪತ್ರದ ಸಾಲುಗಳ ನಡುವೆ ಕಂಡಿತು. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಕನಿಷ್ಠ ಉತ್ತೀರ್ಣ ದರ್ಜೆ. ಪರಿವರ್ತನೆಯ ಪ್ರಚಲಿತ ಸೂತ್ರದಂತೆ, ನಮ್ಮ ಹತ್ತರ ಮಾಪನದಲ್ಲಿ ಉತ್ತೀರ್ಣಾಂಕವನ್ನು 4 ಎಂದು ಹಿಡಿದರೆ ನಿಮ್ಮ 8.1 ಸುಮಾರು 1.95 ಆಗುತ್ತದೆ. ಅನೇಕ ಸ್ನಾತಕೋತ್ತರ ಕೋರ್ಸುಗಳು ಕೇಳುವುದು 2.5 ಅಥವಾ ಅದಕ್ಕಿಂತ ಉತ್ತಮ ದರ್ಜೆಯನ್ನು. ಸೀಟು ಸಿಕ್ಕೇ ಸಿಗುತ್ತದೆಂದು ಯಾರೂ ಭರವಸೆ ಕೊಡಲಾರರು, ಆದರೆ ಇದು ಅರ್ಜಿಯನ್ನೇ ಹಾಕದೆ ಬಿಟ್ಟುಬಿಡುವಂಥ ಅಂಕವೂ ಅಲ್ಲ. ಏಜೆನ್ಸಿಯವರು ನಿಮಗೆ ಈ ಸೂತ್ರವನ್ನು ಹೇಳದಿರುವುದು ನನಗೆ ಆಶ್ಚರ್ಯ ತರಲಿಲ್ಲ. ಖಾಸಗಿ ಸಂಸ್ಥೆಗಳ ಪ್ರವೇಶಕ್ಕೆ ಕಮಿಷನ್ ಸಿಗುವ ಕಡೆ ಇಂಥ ಮಾಹಿತಿ ಸಹಜವಾಗಿ ಹಿಂದೆ ಸರಿಯುತ್ತದೆ.

ತಡೆಯುವುದೆಂದರೆ ಮನೆಯಲ್ಲಿ ಕೂರುವುದಲ್ಲವೆಂದು ತಂದೆಯವರಿಗೆ ಸ್ಪಷ್ಟವಾಗಬೇಕು. ಸಿಕ್ಕಿದ ಉದ್ಯೋಗಕ್ಕೆ ಸೇರಿ, ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಬೇರೆಡೆಯೋ ಜರ್ಮನ್ ಕಲಿಯಲು ಆರಂಭಿಸಿ. ಕೋರ್ಸು ಇಂಗ್ಲಿಷಿನಲ್ಲಿದ್ದರೂ, ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಇರುವ ಅನುಮತಿಯು ಭಾಷೆ ಬಾರದವರಿಗೆ ಬಹಳಮಟ್ಟಿಗೆ ಕಾಗದದಲ್ಲೇ ಉಳಿಯುತ್ತದೆ. ಭಾರತೀಯ ವಿದ್ಯಾರ್ಥಿಗಳಿಗೆ ನವೆಂಬರ್ 2022ರಿಂದ ಕಡ್ಡಾಯವಾಗಿರುವ, ಪದವಿ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ನೀವೇ ಅರ್ಜಿ ಹಾಕಬಹುದು. ಅಕ್ಟೋಬರಿನ ಸೆಮಿಸ್ಟರಿಗೆ ಹಲವು ಕಡೆ ಜುಲೈ 15 ಕೊನೆಯ ದಿನವಾದರೂ ಕೆಲವು ಕೋರ್ಸುಗಳ ಅರ್ಜಿ ಮಾರ್ಚಿನಲ್ಲೇ ಮುಗಿಯುತ್ತದೆ.

ಊರಿನವರ ವಿಷಯ. ತಂದೆಯವರು ಸಂತೋಷಕ್ಕೆ ಹೇಳಿಕೊಂಡಿದ್ದಾರೆ, ಅದನ್ನು ತಪ್ಪೆಂದು ಎತ್ತಿ ಆಡಬೇಡಿ. “ಮುಂದಿನ ವರ್ಷ ಸರ್ಕಾರಿ ಯೂನಿವರ್ಸಿಟಿಗೆ ಹೋಗುತ್ತಾನೆ, ಶುಲ್ಕವಿಲ್ಲ” ಎಂಬ ಮಾತನ್ನು ಅವರ ಕೈಗೆ ಕೊಟ್ಟರೆ, ಸಂಘದ ಕಟ್ಟೆಯ ಮೇಲೆ ಅದನ್ನು ಹೇಗೆ ಹೇಳಬೇಕೆಂದು ಅವರಿಗೇ ತಿಳಿದಿರುತ್ತದೆ. ಈ ಮಾತುಕತೆಗೆ ಅಕ್ಕನನ್ನೂ ಕರೆಯಿರಿ. ಅವರ ಮದುವೆಗೆಂದು ಇಟ್ಟ ನಿವೇಶನದ ಬಗ್ಗೆ ಅವರ ಅಭಿಪ್ರಾಯವನ್ನು ಯಾರೂ ಕೇಳಿದಂತೆ ನಿಮ್ಮ ಪತ್ರದಲ್ಲಿ ಕಾಣಲಿಲ್ಲ.

ಎಲ್ಲ ಹೇಳಿದ ಮೇಲೂ ತಂದೆಯವರು ಈ ವರ್ಷವೇ ಹೋಗಬೇಕೆಂದು ಪಟ್ಟು ಹಿಡಿದರೆ, ಮುಂಗಡ ಕಟ್ಟುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯಿರಿ: ಸಂಸ್ಥೆಗೆ ಅಲ್ಲಿನ ಸರ್ಕಾರದ ಮಾನ್ಯತೆ ಇದೆಯೇ, ತರಗತಿಗಳಲ್ಲಿ ಎಷ್ಟು ಪಾಲು ಆನ್‌ಲೈನ್, ವೀಸಾ ನಿರಾಕರಣೆಯಾದರೆ ಎಷ್ಟು ಹಣ ಯಾವಾಗ ಮರಳುತ್ತದೆ. ಉತ್ತರಗಳು ವಿಶ್ವವಿದ್ಯಾಲಯದ ಅಧಿಕೃತ ಇಮೇಲಿನಿಂದಲೇ ಬರಲಿ. ಏಜೆನ್ಸಿಯವರ ವಾಟ್ಸ್‌ಆ್ಯಪ್ ಸಂದೇಶವನ್ನು ನಂಬಿ ಹಣ ಕಳುಹಿಸಬೇಡಿ.