ಓದುಗರ ಪ್ರಶ್ನೆ: ರಾತ್ರಿ ಹನ್ನೊಂದೂವರೆಗೆ ಶುರುವಾಗೋ ಕೆಲಸ

ಹೋದ ತಿಂಗಳು ಬಾಯಿತಪ್ಪಿ, ನಾನೂ ಪುಣೆಯಲ್ಲಿ ಕೂತು ಲಿನಕ್ಸ್ (ವಿಂಡೋಸ್ ಬದಲು ಹಾಕ್ಕೊಳ್ಳೋ, ಪುಕ್ಸಟ್ಟೆ ಸಿಗೋ ವ್ಯವಸ್ಥೆ) ಡೆಸ್ಕ್‌ಟಾಪ್‌ಗೆ ಒಂದಿಷ್ಟು ಕೋಡ್ ಬರೀತೀನಿ ಅಂದ್ಬಿಟ್ಟಿದ್ದೆ. ಈ ಸಲ ಬಂದಿರೋ ಪತ್ರ ಎಲ್ಲಾ ಅದರ ಬಗ್ಗೆನೇ.

ನನ್ನ ಮಗ ಐರೋಲಿಯಲ್ಲಿ ಕೆಲಸಕ್ಕೆ ಹೋಗ್ತಾನೆ. ಲೋಕಲ್‌ನಲ್ಲಿ ಜೋತಾಡ್ಕೊಂಡು ಮನೆಗೆ ಬಂದು ಊಟ ಮಾಡಿ ಮತ್ತೆ ಲ್ಯಾಪ್‌ಟಾಪ್ ತೆಗೀತಾನೆ, ಒಂದು ಗಂಟೆವರೆಗೂ ಯಾರೋ ಫಾರಿನ್‌ನವರ ಜೊತೆ ಟೈಪ್ ಮಾಡ್ತಿರ್ತಾನೆ. ಕೆಡಿಇ ಅಂತಾನೆ. ದುಡ್ಡೆಷ್ಟು ಅಂದ್ರೆ ನಗ್ತಾನೆ. ಯಾರಾದ್ರೂ ಪುಕ್ಸಟ್ಟೆ ದುಡಿಸ್ಕೊಳ್ತಿದ್ದಾರಾ? – ಡೊಂಬಿವಲಿಯ ಓದುಗರು

ಇಲ್ಲಮ್ಮ, ಮೋಸ ಏನಿಲ್ಲ. ಕೆಡಿಇ ಅಂದ್ರೆ ಲಿನಕ್ಸ್ ಕಂಪ್ಯೂಟರ್ ಆನ್ ಮಾಡಿದ ಮೇಲೆ ಕಣ್ಣಿಗೆ ಕಾಣೋ ಎಲ್ಲಾ, ಕೆಳಗಿನ ಪಟ್ಟಿ, ಮೆನು, ಫೈಲ್ ತೋರ್ಸೋ ಕಿಟಕಿ, ಫೋಟೋ ನೋಡೋ ಆಪ್, ಇವನ್ನೆಲ್ಲ ಮಾಡೋ ಜನರ ಗುಂಪು. 1996ರ ಅಕ್ಟೋಬರ್ 14ಕ್ಕೆ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಓದ್ತಿದ್ದ ಮತ್ತಿಯಾಸ್ ಎಟ್ರಿಚ್ ಅನ್ನೋ ಹುಡುಗ, ಲಿನಕ್ಸ್ ಥರದ ಯೂನಿಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಇದ್ದಂಗೆ ಇನ್ನೊಂದಿಲ್ಲ, ಸಾಮಾನ್ಯ ಜನ ಹೇಗೆ ಬಳಸ್ಬೇಕು, ಬನ್ನಿ ಸೇರಿ ಮಾಡೋಣ ಅಂತ ಕರೆ ಕೊಟ್ಟ. ಮುಂದಿನ ವರ್ಷ ಮಿಗೆಲ್ ಡೆ ಇಕಾಝಾ ಮತ್ತೆ ಫೆಡೆರಿಕೋ ಮೆನಾ ಇದೇ ಕೆಲಸಕ್ಕೆ ಗ್ನೋಮ್ ಅನ್ನೋ ಇನ್ನೊಂದು ಗುಂಪು ಶುರು ಮಾಡಿದ್ರು. ಎರಡೂ ಇವತ್ತಿಗೂ ನಡೀತಿವೆ, ಎರಡರಲ್ಲೂ ಸಂಬಳ ತಗೊಳ್ಳೋರೂ ಇದ್ದಾರೆ, ನಿಮ್ಮ ಮಗನ ಥರ ಸುಮ್ನೆ ಮಾಡೋರೂ ಇದ್ದಾರೆ.

ರಾತ್ರಿ ಯಾಕೆ ಅಂದ್ರೆ, ಅಲ್ಲೂ ಎಷ್ಟೋ ಜನ ಹಗಲು ಬೇರೆ ನೌಕರಿ ಮಾಡೋರೇ. ಬರ್ಲಿನ್‌ನವನು ಊಟ ಮುಗಿಸಿ ಎಂಟಕ್ಕೆ ಕೂತ್ರೆ ನಮಗೆ ಬೇಸಿಗೇಲಿ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ನಿಮ್ಮ ಮಗ ಬರೆದಿದ್ದನ್ನ ಅವನು ನೋಡಿ ಸರಿ ಅನ್ನೋವರೆಗೂ ಅದು ಒಳಗೆ ಸೇರಲ್ಲ, ಅದಕ್ಕೇ ಕಾಯ್ತಾನೆ. ನಿಜ ಹೇಳ್ಬೇಕಂದ್ರೆ ಅಷ್ಟು ಹೊತ್ತಲ್ಲಿ ಕೋಡ್ ಬರೆಯೋದು ಇಪ್ಪತ್ತು ನಿಮಿಷ ಇದ್ರೆ ಹೆಚ್ಚು, ಉಳಿದಿದ್ದೆಲ್ಲ ಬೇರೆಯವರ ಕೋಡ್ ಓದೋದು, ಬಗ್ (ಪ್ರೋಗ್ರಾಂನಲ್ಲಿರೋ ತಪ್ಪು) ಬರೆದವರಿಗೆ "ಯಾವ ವರ್ಷನ್ ಅಣ್ಣಾ" ಅಂತ ಕೇಳೋದು, ಮತ್ತೆ ಕಾಯೋದು.

ದುಡ್ಡಿನ ವಿಷ್ಯ. ದಾರಿ ಇದೆ. ರೆಡ್ ಹ್ಯಾಟ್, ಸೂಸೆ, ಕನಾನಿಕಲ್, ಕೊಲಾಬೊರಾ ಇಂಥ ಕಂಪನಿಗಳು ಇದೇ ಕೆಲಸಕ್ಕೆ ಜನಾನ ಇಟ್ಕೊಂಡಿವೆ. ಗೇಮ್ ಕಂಪನಿ ವಾಲ್ವ್ ತನ್ನ ಸ್ಟೀಮ್ ಡೆಕ್‌ನಲ್ಲಿ ಕೆಡಿಇ ಡೆಸ್ಕ್‌ಟಾಪನ್ನೇ ಹಾಕಿದೆ. ಆದ್ರೆ ಸಿಗುತ್ತೆ ಅಂತ ನಾನು ಮಾತು ಕೊಡಲ್ಲ. ಗಣೇಶ ಹಬ್ಬಕ್ಕೆ ಹದಿನೈದು ದಿನ ಇರೋವಾಗ ನಿಮ್ಮ ಸೊಸೈಟಿ ಹುಡುಗ್ರು ರಾತ್ರಿಯೆಲ್ಲ ಮಂಟಪ ಕಟ್ತಾರಲ್ಲ, ಅವರನ್ನ ಯಾರೂ ಸಂಬಳ ಎಷ್ಟು ಅಂತ ಕೇಳಲ್ಲ, ನನ್ನಮ್ಮನಿಗೆ ನಾನು ಕೊಟ್ಟ ಉದಾಹರಣೆ ಇದೇ, "ಅವರು ಹತ್ತು ದಿನಕ್ಕೆ ಮುಳುಗ್ಸಿ ಮಲಗ್ತಾರೆ, ನಿಂದು ಯಾವಾಗ ಮುಳುಗೋದು" ಅಂದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ. ನೀವು ಅವನಿಗೆ ಹೇಳಬೇಕಿರೋದು ಒಂದೇ, ಡೊಂಬಿವಲಿಯಿಂದ ಬೆಳಿಗ್ಗೆ ಲೋಕಲ್ ಹತ್ತೋನು ವಾರಕ್ಕೆ ಎರಡು ರಾತ್ರಿ ಮೇಲೆ ಕೂರಬಾರ್ದು. ಇಲ್ಲಿ ಯಾವ ಬಗ್ಗೂ ನಾಳೆವರೆಗೆ ಕಾಯದೇ ಇರಲ್ಲ.

ಹಿಂಜೆವಾಡಿಯಲ್ಲಿ ಕೆಲಸ. ಗ್ನೋಮ್‌ಗೆ ಕೋಡ್ ಕೊಟ್ರೆ ಕಂಪನಿಯವ್ರು ತಕರಾರು ಮಾಡ್ತಾರಾ?

ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಡಿ. ನೀವು ಕೆಲಸದಲ್ಲಿರೋವಾಗ ಬರೆದಿದ್ದೆಲ್ಲ ನಮ್ಮದು ಅನ್ನೋ ಸಾಲು ಎಷ್ಟೋ ಲೆಟರ್‌ಗಳಲ್ಲಿ ಇರುತ್ತೆ. ಇದ್ರೆ ಎಚ್‌ಆರ್‌ಗೆ ಮೇಲ್ ಹಾಕಿ, ಉತ್ತರ ಬರಹದಲ್ಲೇ ತಗೊಳ್ಳಿ, ಚಹಾ ಕುಡೀತಾ ಮ್ಯಾನೇಜರ್ "ಮಾಡಪ್ಪ ಮಾಡು" ಅಂದಿದ್ದು ಲೆಕ್ಕಕ್ಕಿಲ್ಲ. ನನ್ನ ಹಳೇ ಆಫೀಸ್‌ನಲ್ಲಿ ಈ ಒಂದು ಮೇಲ್‌ಗೆ ಉತ್ತರ ಬರೋಕೆ ನಾಲ್ಕು ತಿಂಗಳಾಯ್ತು. ಆಫೀಸ್ ಲ್ಯಾಪ್‌ಟಾಪ್ ಮಾತ್ರ ಮುಟ್ಟಬೇಡಿ.

ಪುಣೆಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ಸಿ ಪ್ಲಸ್ ಪ್ಲಸ್ ಬರುತ್ತೆ. ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಕೆಡಿಇಯಲ್ಲಿ ಎಲ್ಲಿಂದ ಶುರು ಮಾಡ್ಲಿ?

ಗೊತ್ತಿಲ್ಲದವರಿಗೆ, ಇಂಥ ಗುಂಪುಗಳಿಗೆ ಕೋಡ್ ಬರೆಯೋ ಹೊಸಬರಿಗೆ ಗೂಗಲ್ ದುಡ್ಡು ಕೊಡೋ ಕಾರ್ಯಕ್ರಮ ಇದು. ಶುರು ಮಾಡೋದು ಬಳಸೋದ್ರಿಂದ. ತಮಾಷೆ ಅಲ್ಲ, ವಿಂಡೋಸ್‌ನಲ್ಲೇ ಇದ್ಕೊಂಡು ಕೆಡಿಇಯ ಡೆಸ್ಕ್‌ಟಾಪ್ ಆದ ಪ್ಲಾಸ್ಮಾಗೆ ಕೋಡ್ ಕಳಿಸ್ತೀನಿ ಅನ್ನೋರನ್ನ ನೋಡಿದೀನಿ. ಎರಡು ತಿಂಗಳು ದಿನಾ ಬಳಸಿ, ಏನು ಕಿರಿಕಿರಿ ಆಗುತ್ತೋ ಬರೆದಿಟ್ಕೊಳ್ಳಿ, ಆಮೇಲೆ ಬಗ್‌ಝಿಲ್ಲಾದಲ್ಲಿ (ತಪ್ಪುಗಳನ್ನ ಬರೆದಿಡೋ ವೆಬ್‌ಸೈಟ್) ಹಳೇ ಬಗ್‌ಗಳನ್ನ ತೆಗೆದು ಈಗಲೂ ಆಗುತ್ತಾ ಅಂತ ಪರೀಕ್ಷೆ ಮಾಡಿ ಒಂದು ಸಾಲು ಬರೀರಿ, ಅದಕ್ಕೆ ಕೋಡೇ ಬೇಡ, ಆದ್ರೂ ಅಲ್ಲಿನವರು ನಿಮ್ಮ ಹೆಸರು ನೆನಪಿಟ್ಕೊಳ್ಳೋದು ಅದಕ್ಕೇನೇ. ಸೋರ್ಸ್‌ನಿಂದ, ಅಂದ್ರೆ ಬರೆದ ಕೋಡ್‌ನಿಂದಲೇ ಪ್ರೋಗ್ರಾಂ ಕಟ್ಟೋಕೆ ಕೆಡಿಇ-ಬಿಲ್ಡರ್ ಇದೆ, ಎಂಟು ಜಿಬಿ ಲ್ಯಾಪ್‌ಟಾಪ್ ಆದ್ರೆ ರಾತ್ರಿ ಹಚ್ಚಿ ಮಲ್ಕೊಳ್ಳಿ. ಅರ್ಜಿ ಹಾಕೋ ಮಾರ್ಚ್ ಬಂದ್ರೆ ಸಾಕು, ಕಾಗುಣಿತ ತಿದ್ದಿದ ಒಂದು ಸಾಲು, ಇಲ್ಲಾ ಎಐ ಬರ್ದುಕೊಟ್ಟ ಇನ್ನೂರು ಸಾಲು ರಾಶಿ ಬೀಳುತ್ತೆ, ಇದೇನು ಅಂತ ಕೇಳಿದ್ರೆ ಕಳಿಸಿದವನಿಗೇ ಗೊತ್ತಿರಲ್ಲ. ಅದೊಂದು ಮಾಡಬೇಡಿ. 2024ರ ಫೆಬ್ರವರಿಯಲ್ಲಿ ಕೆಡಿಇಯವರ ಭಾರತದ ಸಮ್ಮೇಳನ ನಮ್ಮ ಪುಣೆಯ ಇಂಜಿನಿಯರಿಂಗ್ ಕಾಲೇಜು ಸಿಒಇಪಿಯಲ್ಲೇ ಆಯ್ತು, ಅಂಥದ್ದು ಮತ್ತೆ ಹತ್ರ ಬಂದ್ರೆ ತಪ್ಪಿಸ್ಬೇಡಿ, ನೂರು ಮೆಸೇಜ್‌ನಲ್ಲಿ ಆಗದಿದ್ದು ವಡಾಪಾವ್ ತಿಂತಾ ಹತ್ತು ನಿಮಿಷದಲ್ಲಿ ಆಗುತ್ತೆ.

ಗ್ನೋಮ್‌ಗೆ ಮರ್ಜ್ ರಿಕ್ವೆಸ್ಟ್ (ನನ್ನ ಕೋಡ್ ಸೇರಿಸ್ಕೊಳ್ಳಿ ಅನ್ನೋ ಮನವಿ) ಹಾಕಿ ಮೂರು ವಾರ ಆಯ್ತು. ಯಾರೂ ಮಾತಾಡಿಸ್ಲಿಲ್ಲ. – ವಾಶಿ

ಎಷ್ಟು ಸಾಲು? ಎಂಟುನೂರು ಅಂತ ಪತ್ರದ ಕೊನೇಲಿ ಬರೆದಿದ್ದೀರ. ಅದನ್ನ ಐದು ಚೂರು ಮಾಡಿ. ಮತ್ತೆ ಕ್ಯಾಲೆಂಡರ್ ನೋಡಿ, ಗ್ನೋಮ್ ಹೊಸ ಆವೃತ್ತಿ ಬರೋದು ಮಾರ್ಚ್‌ಗೆ ಮತ್ತೆ ಸೆಪ್ಟೆಂಬರ್‌ಗೆ, ಅದಕ್ಕೂ ಮುಂಚೆ ಫ್ರೀಜ್ ಅನ್ನೋ ತಡೆ, ಅವಾಗ ಹೊಸ ಫೀಚರ್ ಯಾರೂ ಮುಟ್ಟಲ್ಲ. ಒಂದು ಸಲ ನೆನಪು ಮಾಡಿ, ದಿನಾ ಮಾಡಬೇಡಿ. ಆ ಆಪ್ ನೋಡ್ಕೊಳ್ಳೋರು ಒಬ್ರೇ ಇರಬಹುದು, ಅವರ ಮಗುಗೆ ಜ್ವರ ಇರಬಹುದು.

ಒಂದು ಆಪ್‌ನಲ್ಲಿ ಕನ್ನಡ ಟೈಪ್ ಮಾಡಿದ್ರೆ ಒತ್ತಕ್ಷರ ಒಡೆದು ಬರುತ್ತೆ, 'ಸ್ತ್ರೀ' ಅಂತ ಹೊಡೆದ್ರೆ ಮೂರು ತುಂಡು. ಯಾರಿಗೆ ಹೇಳೋದು? – ಮಡಗಾಂವ್

ಇದು ನನಗೆ ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದ ಆದ್ರೆ ಸಹಿಸ್ಕೊಳ್ಳಿ. ಕಂಪ್ಯೂಟರ್ ಅಕ್ಷರಗಳನ್ನ ಗುರುತಿಸೋ ಪಟ್ಟಿ ಯೂನಿಕೋಡ್‌ನಲ್ಲಿ ಒತ್ತಿಗೆ ಬೇರೆ ಅಕ್ಷರ ಇಲ್ಲ. ಸ, ಹಲಂತ, ತ, ಹಲಂತ, ರ, ದೀರ್ಘ ಈ, ಹೀಗೆ ಆರು ಸಾಲಾಗಿ ಕೂತಿರುತ್ತೆ. ಅವನ್ನ ನೋಡಿ ತ ಕೆಳಗೆ ಹೋಗ್ಬೇಕು, ರ ಅದರ ಪಕ್ಕ ಅಂತ ಜೋಡಿಸೋದು ಹಾರ್ಫ್‌ಬಝ್ ಅನ್ನೋ ಲೈಬ್ರರಿ, ಗ್ನೋಮ್‌ಗೂ ಕೆಡಿಇಗೂ ಅದೇ. ಜೋಡಿಸೋ ಆಕಾರಗಳು ಫಾಂಟ್‌ನಲ್ಲಿರಬೇಕು. ಹಾಗಾಗಿ ತಪ್ಪು ಯಾರದ್ದು ಅಂತ ಮೊದಲು ಹಿಡೀರಿ. ಫಾಂಟ್ ಬದಲಿಸಿ, ಲೋಹಿತ್ ಇದ್ರೆ ನೋಟೋ ಹಾಕಿ. ಸರಿಹೋದ್ರೆ ಫಾಂಟ್‌ನವರಿಗೆ ಹೇಳಿ. ಎಲ್ಲಾ ಫಾಂಟ್‌ನಲ್ಲೂ ಈ ಆಪ್ ಮಾತ್ರ ಒಡೆದ್ರೆ ಆಪ್‌ನವರಿಗೆ. ಟರ್ಮಿನಲ್ (ಕಮ್ಯಾಂಡ್ ಟೈಪ್ ಮಾಡೋ ಕಿಟಕಿ) ಆಗಿದ್ರೆ ಅದು ಹಳೇ ಕಾಯಿಲೆ, ಅದು ಒಂದೊಂದು ಅಕ್ಷರಕ್ಕೂ ಒಂದೇ ಅಳತೆಯ ಖಾನೆ ಹಾಕಿಟ್ಟಿದೆ, ನಮ್ಮ ಅಕ್ಷರ ಖಾನೆಯೊಳಗೆ ಕೂರೋ ಜಾತಿ ಅಲ್ಲ.

ಬಗ್ ಬರೆಯೋವಾಗ ಒಂದು ಮರೀಬೇಡಿ. ನಾನು ಒಂದು ಸಲ ಅರ್ಕಾವತ್ತು ತಪ್ಪು ಜಾಗದಲ್ಲಿ ಬರ್ತಿದ್ದ ಸ್ಕ್ರೀನ್‌ಶಾಟ್ ಹಾಕಿ "ನೋಡಿ ಎಷ್ಟು ಕೆಟ್ಟದಾಗಿದೆ" ಅಂತ ಬರ್ದು ಮಲಗಿದೆ. ಬೆಳಿಗ್ಗೆ ನೋಡಿದ್ರೆ ಪಾಪ ಆ ಯೂರೋಪಿನ ಮನುಷ್ಯ "ಚೆನ್ನಾಗೇ ಕಾಣ್ತಿದೆಯಲ್ಲ, ತಪ್ಪೆಲ್ಲಿ" ಅಂತ ಕೇಳಿದ್ದ. ಅವನ ಕಣ್ಣಿಗೆ ಎರಡೂ ಜಿಲೇಬಿನೇ. ಆಮೇಲೆ ಕಾಗದದ ಮೇಲೆ ಸರಿಯಾದ್ದು ಒಂದು ಕಡೆ, ತಪ್ಪಾದ್ದು ಒಂದು ಕಡೆ ಬರ್ದು, ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಫೋಟೋ ಕಳಿಸ್ದೆ, ಎರಡೇ ದಿನಕ್ಕೆ ರಿಪೇರಿ. ಪದವನ್ನ ಚಿತ್ರವಾಗಿ ಮಾತ್ರ ಅಲ್ಲ ಪಠ್ಯವಾಗೂ ಪೇಸ್ಟ್ ಮಾಡಿ, ಅವರಿಗೆ ಕನ್ನಡ ಟೈಪ್ ಮಾಡೋಕೆ ಬರಲ್ಲ.

ಠಾಣೆಯಲ್ಲಿ ಸ್ಟೇಷನರಿ ಅಂಗಡಿ. ವಿಂಡೋಸ್ 10 ನಿಂತುಹೋಯ್ತಲ್ಲ, ಹಳೇ ಪಿಸಿಗೆ ಲಿನಕ್ಸ್ ಹಾಕಲಾ?

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಅದಕ್ಕೆ ಬೆಂಬಲ ಕೊಡೋದನ್ನ ನಿಲ್ಲಿಸ್ತು, ಕೆಡಿಇ ಹುಟ್ಟಿದ ದಿನವೇ, ನಮ್ಮವರು ಅದನ್ನ ಹೇಳಿಕೊಂಡು ಓಡಾಡಿದ್ರು. ಹಾಕಿ, ಆದ್ರೆ ಮೊದಲು ಪೆನ್‌ಡ್ರೈವ್‌ನಿಂದ ಓಡಿಸಿ ಬಿಲ್ ಪ್ರಿಂಟರ್ ಕೆಲಸ ಮಾಡುತ್ತಾ ನೋಡಿ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾತ್ರ ಇದ್ರೆ ನನ್ನ ಮಾತು ಕೇಳಬೇಡಿ.

ಈ ಆಪ್‌ಗಳನ್ನ ಕನ್ನಡಕ್ಕೆ ಅನುವಾದ ಮಾಡೋಣ ಅಂತಿದೀನಿ. ಫೈಲ್‌ಗೆ ಕಡತ ಅನ್ನಲಾ? – ಪಿಂಪ್ರಿ

ಫೈಲ್ ಅಂತಾನೇ ಬಿಡಿ, ಯಾರೂ ಕಡತ ಸೇವ್ ಮಾಡಿದೆ ಅನ್ನಲ್ಲ. ನನಗೆ ತಲೆನೋವು ಬೇರೆ ಇದೆ. ಅನ್‌ಡೂಗೂ ಕ್ಯಾನ್ಸಲ್‌ಗೂ ಎರಡಕ್ಕೂ 'ರದ್ದು' ಅಂತ ಹಾಕಿದ್ರೆ ಹಿಂದಿನ ಹೆಜ್ಜೆಗೆ ಹೋಗೋಣ ಅಂತ ಒತ್ತಿದವನ ಇಡೀ ಕೆಲಸ ಹೋಗುತ್ತೆ. ಕ್ಯಾನ್ಸಲ್‌ಗೆ 'ಬೇಡ' ಸಾಕು ಅನ್ಸುತ್ತೆ. ಅನ್‌ಡೂಗೆ ಮೂರು ವರ್ಷದಿಂದ ಹುಡುಕ್ತಿದೀನಿ. ನಿಮ್ಮ ಮನೇಲಿ ಏನಂತೀರ ಬರೀರಿ, ಸ್ಟ್ರಿಂಗ್ ಫ್ರೀಜ್‌ಗೆ (ಆಪ್‌ನಲ್ಲಿ ಕಾಣೋ ಪದಗಳನ್ನ ಬದಲಿಸೋದು ನಿಲ್ಲಿಸೋ ದಿನ) ಮುಂಚೆ ಬಂದ್ರೆ ಈ ಸಲವೇ ಹಾಕೋಣ.